ಗಾಜಿನ ಚಾವಣಿಗೊಂದು ಸೂರು

ಕಾರು ಕೊಂಡದ್ದಕ್ಕೆ ಅಳತೆಯಮ್ಮನ ತಕರಾರು ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆಮೇಲೆ ಬೀದಿಯ ಜನ ಬಾಯಿಗೆ ಬಂದಂತೆ ಆಡಿಕೊಂಡರು. ಗಂಡ ಸಂತೋಷವಾಗಿದ್ದರೆ ಇವಳಿಗೆ ಹೊಟ್ಟೆಕಿಚ್ಚು ಅಂದರು, ಒಂದು ಕಾರಿನ ಸಲುವಾಗಿ ಮನೆಯ ಮಾನ ಹರಾಜಿಗೆ ಹಾಕಿದಳು ಅಂದರು. ಅಪ್ಪಟ ಸುಳ್ಳು. ಅವಳ ಗಂಡ ಇಪ್ಪತ್ತೆರಡು ವರ್ಷ ಬೇರೆಯವರ ಮನೆಗೆ ಕಿಟಕಿ ಗಾಜು ಕೂರಿಸಿದವನು, ಹತ್ತೂ ಬೆರಳಲ್ಲಿ ಕೊಯ್ದ ಗುರುತಿದೆ. ಹೋದ ವರ್ಷ ಒಂದು ಆಫೀಸು ಕಟ್ಟಡದ ಐದೂ ಅಂತಸ್ತಿಗೆ ಗಾಜು ಹಾಕಿ ನಾಲ್ಕು ಕಾಸು ಮಾಡಿಕೊಂಡಿದ್ದ. ಮನೆಗೆ ಕೊಡಬೇಕಾದ್ದನ್ನು ಕೊಟ್ಟ ಮೇಲೆ ಮಿಕ್ಕ ದುಡ್ಡಲ್ಲಿ ಅವನು ಏನು ಬೇಕಾದರೂ ಕೊಳ್ಳಲಿ ಅಂತ ಅವಳೇ ಹೇಳಿದ್ದಳು.

ಅಳತೆಯಮ್ಮ ಅನ್ನುವುದು ಬೀದಿಯವರು ಇಟ್ಟ ಹೆಸರು. ಹೊಲಿಗೆಯ ಅಳತೆ ಟೇಪು ಸದಾ ಅವಳ ಕೊರಳಲ್ಲಿ ಇರುತ್ತಿತ್ತು, ಆದರೆ ಬಾಗಿಲಲ್ಲಿ ನಿಂತವರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಎದೆ ಇಷ್ಟು, ತೋಳು ಇಷ್ಟು ಎಂದುಬಿಡುತ್ತಿದ್ದಳು. ಆಮೇಲೆ ಟೇಪು ಹಿಡಿದರೂ ಅರ್ಧ ಇಂಚು ಆಚೀಚೆ ಆಗುತ್ತಿರಲಿಲ್ಲ. ಮನೆಯ ಮುಂದುಗಡೆ ಬೀದಿಗೆ ತೆರೆಯುವ ಶಟರ್ ಹಾಕಿದ ಶೆಡ್ಡು. ಅದರಲ್ಲಿ ಎರಡು ಮಿಷನ್ನು, ಅಂಚು ಹೊಲಿಯುವ ಓವರ್‌ಲಾಕು, ಇಸ್ತ್ರಿ, ಹಳೆಯ ಬಾಗಿಲೊಂದನ್ನು ಮಲಗಿಸಿ ಮಾಡಿದ ಕತ್ತರಿಸುವ ಮೇಜು. ಹದಿನೆಂಟು ವರ್ಷ ಅಲ್ಲಿ ಕೂತು ಅವಳು ವಕೀಲರ ಕೋಟು, ಬೇಕರಿಯವನ ಏಪ್ರನ್ನು, ಕರಾಟೆ ಮಕ್ಕಳ ಬಿಳಿ ಬಟ್ಟೆ ಹೊಲಿದಿದ್ದಾಳೆ. ವರ್ಷಕ್ಕೊಮ್ಮೆ ಆಸ್ಪತ್ರೆಯ ನಲವತ್ತು ನರ್ಸುಗಳ ಕೋಟು. ಆ ನಲವತ್ತು ಕೋಟು ಅಂದರೆ ಅವಳಿಗೆ ಬರೀ ಸಂಪಾದನೆ ಅಲ್ಲ. ಬಸ್ಸಿನಲ್ಲಿ ಯಾವುದಾದರೂ ನರ್ಸು ಮೇಲಿನ ಕಂಬಿ ಹಿಡಿಯಲು ಕೈ ಎತ್ತಿದಾಗ ಕಂಕುಳ ಹತ್ತಿರ ಹೊಲಿಗೆ ಎಳೆಯದೆ ಇದ್ದರೆ, ಪಕ್ಕದಲ್ಲಿ ಕೂತವರಿಗೆ, "ನಂದೇ ಅದು," ಅನ್ನದೆ ಬಿಡುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂರುವ ಹೊತ್ತಿಗೆ ಕಾರು ಬಂತು. ಹನ್ನೊಂದು ವರ್ಷ ಹಳೆಯದು, ಒಬ್ಬ ಹಲ್ಲಿನ ಡಾಕ್ಟರಿಂದ ಕೊಂಡದ್ದು. ನೆಲಕ್ಕೆ ಅಂಟಿಕೊಂಡಂತಿದ್ದ ಬೂದು ಬಣ್ಣದ ಸ್ಪೋರ್ಟ್ಸ್ ಕಾರು, ನೆತ್ತಿಯ ತುಂಬ ಗಾಜು.

"ಇಲ್ಲಿ ನೋಡೇ," ಎಂದು ಗಂಡ ಅವಳ ಕೈ ಹಿಡಿದು ಗಾಜಿನ ಮೇಲೆ ಇಡಿಸಿದ. "ಒಂದೇ ಹಾಳೆ. ಮುಂದಿನಿಂದ ಹಿಂದಿನವರೆಗೆ ಜೋಡಣೆನೇ ಇಲ್ಲ. ಇಷ್ಟು ವರ್ಷ ಕಂಡೋರ ಗಾಜು ಒರೆಸಿದೆ. ಇದು ನಂದು."

ಅವನ ಮುಖ ನೋಡಿ ಅವಳಿಗೂ ಖುಷಿಯಾಯಿತು, ಸುಳ್ಳೇಕೆ ಹೇಳಬೇಕು. ಮಗಳು, ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳಾಗಿದ್ದವಳು, ಕಿಟಕಿಯಲ್ಲಿ ಇಣುಕಿದಳು.

"ಅಪ್ಪ, ಸೀಟು ಎರಡೇ ಇದೆ."

"ಸ್ಪೋರ್ಟ್ಸ್ ಕಾರು ಅಂದ್ರೆ ಹಾಗೇ."

"ನಾವು ನಾಲ್ಕು ಜನ."

"ಒಬ್ಬೊಬ್ಬರನ್ನೇ ಕರ್ಕೊಂಡು ಹೋಗ್ತೀನಿ."

"ನನ್ನನ್ನ ಬಿಟ್ಟುಬಿಡಪ್ಪ," ಎಂದಳು ಅಳತೆಯಮ್ಮನ ಅತ್ತೆ, ಬಾಗಿಲಿಗೆ ಒರಗಿಕೊಂಡು. "ಅದರೊಳಗೆ ನಾನು ಇಳಿದ್ರೆ ಮೇಲೆತ್ತೋಕೆ ಇನ್ನಿಬ್ಬರು ಬೇಕು. ಅವರಿಗೆಲ್ಲಿದೆ ಜಾಗ?"

ನಗುನಗುತ್ತಲೇ ಊಟಕ್ಕೆ ಕೂತರು. ಅನ್ನಕ್ಕೆ ಬೇಳೆ ಹಾಕಿಸಿಕೊಳ್ಳುತ್ತ ಗಂಡ ಮೆಲ್ಲನೆ ವಿಷಯ ತೆಗೆದ. ಬಿಸಿಲಿಗೆ ಗಾಜಿನ ಸುತ್ತಲಿನ ರಬ್ಬರು ಒಣಗಿ ಬಿರಿಯುತ್ತದಂತೆ. ಗಾಡಿಯನ್ನು ಬೀದಿಯಲ್ಲಿ ನಿಲ್ಲಿಸಲು ಆಗುವುದಿಲ್ಲವಂತೆ.

"ಎರಡೇ ವಾರ ಶೆಡ್ಡಲ್ಲಿ ಇರಲಿ. ಅಷ್ಟರಲ್ಲಿ ಪಕ್ಕದ ಸಂದಿಗೆ ತಗಡು ಹೊದಿಸ್ತೀನಿ."

"ಮೇಲೆ ಚಾವಣಿ ಇರೋ ಗಾಡಿಗೆ ಇನ್ನೊಂದು ಚಾವಣಿ ಯಾಕಪ್ಪ?" ಎಂದಳು ಮಗಳು.

"ನಿನಗೆ ಗೊತ್ತಾಗಲ್ಲ, ಸುಮ್ನಿರು."

ಅಳತೆಯಮ್ಮ ಲೆಕ್ಕ ಹಾಕಿದಳು. ಆಸ್ಪತ್ರೆಯ ಕೆಲಸ ಬರಲು ಇನ್ನೂ ಮೂರು ವಾರ ಇತ್ತು. "ಎರಡು ವಾರ ಅಂದ್ರೆ ಎರಡೇ ವಾರ ರೀ," ಎಂದಳು. ಒಪ್ಪಿದ್ದು ಅಷ್ಟಕ್ಕೆ.

ಒಂದು ಮಿಷನ್ನು ಅಡುಗೆಮನೆಯ ಮೂಲೆಗೆ ಹೋಯಿತು, ಇನ್ನೊಂದು ಅತ್ತೆಯ ಮಂಚದ ಪಕ್ಕಕ್ಕೆ, ಓವರ್‌ಲಾಕು ಮಂಚದ ಕೆಳಕ್ಕೆ. ಮೇಜಿನ ಕಾಲು ಬಿಚ್ಚಿ ಹಲಗೆಯನ್ನು ಗೋಡೆಗೆ ಒರಗಿಸಿದರು. ಅಂಗಡಿಯ ಬೋರ್ಡು ಮಾತ್ರ ಶೆಡ್ಡಿನ ಮೇಲೆ ಹಾಗೇ ಉಳಿಯಿತು, ಅದರ ಮೇಲಿನ ಫೋನ್ ನಂಬರಿನ ಸಮೇತ. ಆ ನಂಬರು ಗಂಡನದು. ಬೋರ್ಡು ಬರೆಸಿದಾಗ ಮನೆಯಲ್ಲಿ ಇದ್ದದ್ದು ಅದೊಂದೇ ಫೋನು. ಆಮೇಲೆ ಅವಳೂ ಒಂದು ಕೊಂಡಳು, ಆದರೆ ಗಿರಾಕಿಗಳಿಗೆಲ್ಲ ಹಳೆಯ ನಂಬರೇ ಬಾಯಿಪಾಠವಾಗಿತ್ತು, ಯಾಕೆ ಬದಲಾಯಿಸುವುದು ಎಂದು ಬಿಟ್ಟಳು. ಗಿರಾಕಿ ಅವನಿಗೆ ಫೋನು ಮಾಡುವುದು, ಅವನು ಊಟದ ಹೊತ್ತಿಗೆ ಬಂದು, "ವಕೀಲರು ಕರೆದಿದ್ರು, ಕೋಟಿನ ಅಸ್ತರು ಹರಿದಿದೆಯಂತೆ," ಎಂದು ಹೇಳುವುದು. ಹದಿನೆಂಟು ವರ್ಷ ಹೀಗೇ ನಡೆದಿತ್ತು, ಒಂದು ಸಲವೂ ಎಡವಟ್ಟಾಗಿರಲಿಲ್ಲ.

ಎರಡನೆಯ ವಾರದ ಕೊನೆಗೆ ಮಳೆ ಬಂತು. ಗಂಡ ಊರಾಚೆ ಒಂದು ಸುತ್ತು ಹೋಗಿ ಬಂದಾಗ ಅವನ ಬಲಭುಜ ತೊಪ್ಪೆಯಾಗಿತ್ತು. ಗಾಜಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಗಾಜಿನ ವಿಷಯಕ್ಕೆ ಅವನು ಯಾವ ಮೆಕ್ಯಾನಿಕ್ಕಿನ ಹತ್ತಿರ ಹೋದಾನು? ತಾನೇ ಕೂತ. ಹಳೆಯ ಅಂಟನ್ನೆಲ್ಲ ಕೆರೆದು, ಮನೆ ಕಿಟಕಿಗೆ ಹಾಕುವ ಗಟ್ಟಿ ಅಂಟನ್ನೇ ಸುತ್ತ ತುಂಬಿದ. ಚಹಾ ತಂದುಕೊಟ್ಟ ಅಳತೆಯಮ್ಮ ಸ್ವಲ್ಪ ಹೊತ್ತು ನಿಂತು ನೋಡಿದಳು.

"ಇಷ್ಟು ಬಿಗಿಯಾಗಿ ಹಾಕಿದ್ರೆ ಬಿಟ್ಕೊಳ್ಳಲ್ವಾ ರೀ? ಕಿಟಕಿ ನಿಂತಲ್ಲೇ ನಿಂತಿರುತ್ತೆ. ಇದು ಹಳ್ಳಕ್ಕೆ ಇಳಿಯುತ್ತೆ, ಏಳುತ್ತೆ, ಮೈ ತಿರುಚುತ್ತೆ. ಆಡೋ ಕಡೆ ಸ್ವಲ್ಪ ಸಡಿಲ ಬೇಕು."

"ನೀನು ಬಟ್ಟೆ ನೋಡ್ಕೋ. ಗಾಜು ನನಗೆ ಬಿಡು."

ಬಟ್ಟೆ ನೋಡಿಕೊಳ್ಳಲು ಜಾಗ ಎಲ್ಲಿತ್ತು? ಆದರೂ ಅವಳು ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು. ಅಂಟು ಒಣಗಲು ಒಂದು ವಾರ. ಒಣಗಿದ ಮೇಲೆ ಬೀದಿಯ ಕೊನೆಯ ಉಬ್ಬು ದಾಟಿದ್ದೇ ತಡ, ಒಂದು ಕಡೆಯ ಅಂಟು ಪೂರ್ತಿ ಕಿತ್ತುಬಂತು. ಮತ್ತೆ ಕೆರೆದ, ಮತ್ತೆ ತುಂಬಿದ, ಮತ್ತೆ ಒಂದು ವಾರ. ಎರಡು ವಾರ ಅಂದದ್ದು ಐದಾಯಿತು. ಸಂದಿಗೆ ಹೊದಿಸಬೇಕಾದ ತಗಡು ಅಂಗಡಿಯಲ್ಲೇ ಉಳಿಯಿತು.

ಆ ಐದು ವಾರ ಮನೆಯೊಳಗೆ ಬದುಕಿದ್ದೇ ದೊಡ್ಡದು. ಅತ್ತೆಯ ಚಪ್ಪಲಿಯಲ್ಲಿ ಗುಂಡುಪಿನ್ನು ಸಿಕ್ಕಿತು, ಮಗಳ ಆಮ್ಲೆಟ್ಟಿನಲ್ಲಿ ನೂಲು ಸಿಕ್ಕಿತು. ಕೈಲಿದ್ದ ಹಳೆಯ ಮೂರು ಕೆಲಸಗಳ ಬಟ್ಟೆಯನ್ನು ಅಳತೆಯಮ್ಮ ಮಲಗುವ ಕೋಣೆಯ ನೆಲದ ಮೇಲೆ ಹಾಸಿ, ಮಂಡಿಯೂರಿ ಕತ್ತರಿಸಿದಳು. ಎದ್ದು ನಿಲ್ಲುವಾಗ ಗೋಡೆ ಹಿಡಿಯಬೇಕಾಗುತ್ತಿತ್ತು.

"ಮನೆಯೇನು ದರ್ಜಿ ಅಂಗಡಿಯಾ?" ಎಂದು ಅತ್ತೆ ರೇಗಿದಳು. "ಕಾಲಿಟ್ಟ ಕಡೆ ಚಿಂದಿ."

"ಅಂಗಡಿ ಇತ್ತಲ್ಲ ಅತ್ತೆ. ನಿಮ್ಮ ಮಗನನ್ನ ಕೇಳಿ."

"ಅವನಿಗೆ ಇರೋದು ಅದೊಂದು ಆಸೆ. ಗಂಡಸು ದುಡಿದು ಬಂದಿದ್ದಾನೆ, ಸ್ವಲ್ಪ ಹೊಂದ್ಕೊಂಡ್ರೆ ಏನು ಗಂಟು ಹೋಗುತ್ತೆ?"

"ಅಮ್ಮ ದುಡಿಯೋದು ಆಟಕ್ಕಾ ಅಜ್ಜಿ?" ಎಂದಳು ಮಗಳು.

"ದೊಡ್ಡವರ ಮಾತಲ್ಲಿ ಬಾಯಿ ಹಾಕಬೇಡ."

ಆ ಮೂರು ಕೆಲಸವೂ ಮುಗಿದವು. ಹೊಸದು ಒಂದೂ ಬರಲಿಲ್ಲ. ಅಳತೆಯಮ್ಮ ದಿನಾ ಊಟ ಬಡಿಸುತ್ತ ಕೇಳುತ್ತಿದ್ದಳು.

"ಆಸ್ಪತ್ರೆಯಿಂದ ಫೋನ್ ಬಂತಾ?"

"ಇಲ್ಲ." ಅವನ ಕಣ್ಣು ತಟ್ಟೆಯ ಮೇಲೆ.

"ವಕೀಲರು?"

"ಇಲ್ಲ ಕಣೇ. ಈಗೆಲ್ಲ ಜನ ರೆಡಿಮೇಡ್ ತಗೊಳ್ತಾರೆ. ಕಾಲ ಬದಲಾಗಿದೆ."

ಕಾಲ ಬದಲಾಗಿದೆಯೋ ತನ್ನ ಕೈ ಬದಲಾಗಿದೆಯೋ ಎಂದು ಅವಳಿಗೆ ಚಿಂತೆ ಹತ್ತಿತು. ಹೋದ ವರ್ಷದ ಅಳತೆ ಪುಸ್ತಕ ತೆಗೆದು ನಲವತ್ತು ನರ್ಸುಗಳ ಅಳತೆಯನ್ನೂ ಒಂದೊಂದಾಗಿ ನೋಡಿದಳು. ಯಾರದೋ ಕಾಲರು ಕೆಟ್ಟಿತ್ತೇ? ಯಾರದೋ ಗುಂಡಿ ಕಿತ್ತುಬಂತೇ? ಒಂದು ಮಾತು ಹೇಳಿದ್ದರೆ ರಿಪೇರಿ ಮಾಡಿಕೊಡುತ್ತಿದ್ದೆನಲ್ಲ ಎಂದು ಮಗಳ ಮುಂದೆ ಕಣ್ಣೀರು ಹಾಕಿದಳು. ಆರನೆಯ ವಾರ, ಹದಿನೆಂಟು ವರ್ಷದಲ್ಲಿ ಮೊದಲ ಸಲ, ತರಕಾರಿಗೆ ಗಂಡನ ಮುಂದೆ ಕೈ ಚಾಚಿದಳು. ಅವನು ಧಾರಾಳವಾಗಿ ಕೊಟ್ಟ. "ಅದಕ್ಕೇನು ಸಂಕೋಚ, ತಗೋ," ಎಂದ. ಅವಳಿಗೆ ಮುಖ ಎತ್ತಲು ಆಗಲಿಲ್ಲ. ಅವನು ಮಾತ್ರ ಸಿಳ್ಳೆ ಹಾಕುತ್ತ ಶೆಡ್ಡಿಗೆ ಹೋಗಿ ಗಾಜು ಒರೆಸಿದ.

ಏಳನೆಯ ವಾರದ ಶನಿವಾರ ಅತ್ತೆ ರಕ್ತದೊತ್ತಡ ತೋರಿಸಲು ಆಸ್ಪತ್ರೆಗೆ ಹೋದವಳು ಬಿರುಸಾಗಿ ಮನೆಗೆ ಬಂದಳು. ಕೈಯಲ್ಲಿ ಒಂದು ಕೇಜಿ ಕ್ಯಾರೆಟ್ಟು. ಅದನ್ನು ಸೊಸೆಯ ಮುಂದೆ ದೊಪ್ಪನೆ ಇಟ್ಟಳು.

"ನನ್ನನ್ನೇನು ಹೊರಗಿನವಳು ಅಂದ್ಕೊಂಡಿದೀಯಾ? ಒಂದೇ ಸೂರಿನ ಕೆಳಗಿದ್ದು ನನಗೊಂದು ಮಾತು ಹೇಳೋದು ಬೇಡ್ವಾ?"

"ಏನು ಹೇಳಬೇಕಿತ್ತು ಅತ್ತೆ?"

"ನಿನ್ನ ಕಣ್ಣಿನ ವಿಷಯ."

ಅತ್ತೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

"ನರ್ಸುಗಳನ್ನ ನೋಡ್ಕೊಳ್ಳೋ ಆ ಮೇಟ್ರನ್ನು ನನ್ನ ಕೈ ಹಿಡ್ಕೊಂಡು ಅಯ್ಯೋ ಪಾಪ ಅಂದ್ಲು. ಇಂಥ ಕೈ ಇರೋವಳಿಗೆ ಕಣ್ಣು ಹೋಗಬಾರದಿತ್ತು, ಕ್ಯಾರೆಟ್ ತಿನ್ನೋಕೆ ಹೇಳಿ ಅಂದ್ಲು. ಊರಿಗೆಲ್ಲ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ."

"ನನ್ನ ಕಣ್ಣಿಗೇನಾಗಿದೆ?"

"ಮಂಜಾಗಿದೆಯಂತೆ. ಸೂಜಿಗೆ ನೂಲು ಹಾಕೋಕೂ ಕಾಣಲ್ವಂತೆ. ಅದಕ್ಕೇ ಹೊಲಿಗೆ ಬಿಟ್ಟುಬಿಟ್ಟಳಂತೆ."

ಅಳತೆಯಮ್ಮ ಎದ್ದಳು. ಸೂಜಿಡಬ್ಬಿಯಿಂದ ಎಲ್ಲಕ್ಕಿಂತ ಸಣ್ಣ ಸೂಜಿ ತೆಗೆದು, ಅತ್ತೆಯ ಮೂಗಿನ ಮುಂದೆ ಹಿಡಿದು, ಒಂದೇ ಸಲಕ್ಕೆ ನೂಲು ಪೋಣಿಸಿದಳು. ಕೈ ಅಲುಗಲಿಲ್ಲ.

"ಯಾರು ಹೇಳಿದ್ರಂತೆ?"

ಅತ್ತೆ ಸೂಜಿಯನ್ನೇ ನೋಡುತ್ತ ನಿಂತಳು.

"ನನ್ನ ಮಗನೇ," ಎಂದಳು ಕೊನೆಗೆ. "ಫೋನ್ ಮಾಡಿದ್ರೆ ಅವನೇ ಹೇಳಿದನಂತೆ."

ಎಂಥ ಮನುಷ್ಯ ನೋಡಿ. ಕಾಲಿಗೆ ಏಟಾಗಿದೆ ಅಂದಿದ್ದರೆ ಆಗುತ್ತಿರಲಿಲ್ಲವೇ? ಊರಿಗೆ ಹೋಗಿದ್ದಾಳೆ ಅನ್ನಬಹುದಿತ್ತು. ಸತ್ತಳು ಅಂದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಹೊಲಿಯುವವಳ ಕಣ್ಣನ್ನೇ ಕಿತ್ತುಕೊಂಡ. ಅದೂ ಯಾಕೆ, ಶೆಡ್ಡು ಬಿಟ್ಟುಕೊಡಬೇಕಾಗುತ್ತದೆ ಅಂತ. ಕೆಲಸ ಬಂದರೆ ಅವಳು ಜಾಗ ಕೇಳುತ್ತಾಳೆ, ಕೆಲಸವೇ ಬರದಿದ್ದರೆ ಕೇಳುವ ಮಾತೇ ಇಲ್ಲ. ಅಳತೆಯಮ್ಮನ ಮೈ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ನಿಜ ತಿಳಿಯದೆ ಇಷ್ಟು ದಿನ ತನ್ನ ಕೈಯನ್ನೇ ತಾನು ಬೈದುಕೊಂಡಿದ್ದಳಲ್ಲ, ಆ ಸಂಕಟ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಆ ಸಂಜೆ ಊಟಕ್ಕೆ ಅನ್ನ ಇತ್ತು, ಬೇಳೆ ಇತ್ತು. ಗಂಡನ ತಟ್ಟೆಗೆ ಅವಳು ಬರೀ ಬೇಯಿಸಿದ ಕ್ಯಾರೆಟ್ಟು ಬಡಿಸಿದಳು.

"ಇದೇನಿದು ಇಷ್ಟೊಂದು ಕ್ಯಾರೆಟ್ಟು?"

"ನಿಮ್ಮ ಅಮ್ಮ ತಂದಿದ್ದು. ನನ್ನ ಕಣ್ಣಿಗೆ."

"ಕಣ್ಣಿಗೆ?"

"ಯಾವ ಕಣ್ಣು ಹೋಗಿದ್ದು ಅಂತ ನೀವೇ ಹೇಳಬೇಕು. ಎಡಗಡೇದಾ ಬಲಗಡೇದಾ, ನನಗಂತೂ ಗೊತ್ತಿಲ್ಲ."

ಅವನು ತಾಯಿಯ ಕಡೆ ನೋಡಿದ, ತಾಯಿ ಮುಖ ತಿರುಗಿಸಿದಳು.

"ಮತ್ತೇನು ಹೇಳಲಿ?" ಎಂದ. "ಶೆಡ್ಡಲ್ಲಿ ಕಾರು ನಿಲ್ಲಿಸಿದೀನಿ, ಹೆಂಡತಿಗೆ ಹೊಲಿಯೋಕೆ ಜಾಗ ಇಲ್ಲ ಅಂತ ಹೇಳೋಕಾಗುತ್ತಾ? ಜನ ನಗಲ್ವಾ?"

"ನಕ್ಕಿದ್ರೆ ನಿಮ್ಮನ್ನ ನೋಡಿ ನಗ್ತಿದ್ರು. ಅದು ಬೇಡ ಅಂತ ನನ್ನನ್ನ ಕುರುಡಿ ಮಾಡಿದ್ರಿ."

"ನಿನ್ನ ಒಳ್ಳೇದಕ್ಕೇ ಕಣೇ. ಹದಿನೆಂಟು ವರ್ಷ ದುಡಿದಿದೀಯ, ಸ್ವಲ್ಪ ದಿನ ಆರಾಮಾಗಿರಲಿ ಅಂತ..."

"ಬಾಯಿ ಮುಚ್ಚೋ," ಎಂದಳು ಅತ್ತೆ. ಆ ಮನೆಯಲ್ಲಿ ಅವನಿಗೆ ಯಾರೂ ಹಾಗೆ ಅಂದಿರಲಿಲ್ಲ. "ಆರಾಮಂತೆ ಆರಾಮು. ನೆಲದ ಮೇಲೆ ಮಂಡಿಯೂರಿ ಬಟ್ಟೆ ಕತ್ತರಿಸೋದನ್ನ ನಾನು ನೋಡಿದೀನಿ. ನಾನೂ ಅವಳನ್ನೇ ಬೈದೆ, ನನ್ನ ಬುದ್ಧಿಗಿಷ್ಟು."

ಮಗಳು ಆಗಲೇ ಅವನ ಫೋನು ಕೈಗೆತ್ತಿಕೊಂಡಿದ್ದಳು. "ಬೀಗದ ನಂಬರ್ ಹೇಳಪ್ಪ."

"ಯಾಕೆ?"

"ಹೇಳು."

ಅವನು ಹೇಳಿದ. ಅವಳು ಏಳು ವಾರದ ಕರೆಗಳನ್ನು ಒಂದೊಂದಾಗಿ ಓದಿದಳು, ಅಳತೆಯಮ್ಮ ಬಟ್ಟೆ ಕತ್ತರಿಸಲು ಇಡುವ ಒಂದು ಹಳೆಯ ಕಾಗದದ ಅಚ್ಚಿನ ಬೆನ್ನಿಗೆ ಗುರುತು ಹಾಕುವ ಸೀಮೆಸುಣ್ಣದಲ್ಲೇ ಬರೆದುಕೊಂಡಳು. ಮೇಟ್ರನ್, ಎರಡು ಸಲ. ಬೇಕರಿಯವನು. ವಕೀಲರು, ಮೂರು ಸಲ. ಕರಾಟೆ ಮಾಸ್ತರು. ಓದಿ ಮುಗಿಯುವಾಗ ಹದಿನಾಲ್ಕು ಜನ.

"ಎಲ್ಲರಿಗೂ ಕಣ್ಣಿನ ಕಥೆನೇ ಹೇಳಿದ್ರಾ?"

ಅವನು ಹೌದೆಂದು ತಲೆಯಾಡಿಸಿದ. "ನಾಳೆ ಬೆಳಿಗ್ಗೆನೇ ಎಲ್ಲರಿಗೂ ಫೋನ್ ಮಾಡಿ ಸರಿಮಾಡ್ತೀನಿ, ಬಿಡು."

"ಫೋನ್ ಬೇಡ. ಫೋನಲ್ಲಿ ನೀವೇನು ಹೇಳ್ತೀರಿ ಅಂತ ಈಗ ನನಗೆ ಗೊತ್ತು. ಎದುರು ನಿಂತು ಹೇಳಬೇಕು. ನಾನೂ ಬರ್ತೀನಿ."

"ಹದಿನಾಲ್ಕು ಕಡೆ ಹೇಗೆ ಹೋಗೋದು?"

"ಕಾರು ಇದೆಯಲ್ಲ. ಎರಡು ಸೀಟು, ನಾವಿಬ್ಬರು."

ಭಾನುವಾರ ಬೆಳಿಗ್ಗೆ ಅವನು ಇನ್ನೊಂದು ನೆಪ ತೆಗೆದ. ಅಂಟು ಪೂರ್ತಿ ಒಣಗಿಲ್ಲ, ಇವತ್ತು ಓಡಿಸಿದರೆ ಮತ್ತೆ ಬಿಡುತ್ತದೆ ಎಂದ. ಅವಳು ಶಟರ್ ಎತ್ತಿ ಪಕ್ಕಕ್ಕೆ ನಿಂತಳು. ಅವನು ಕಾರು ಹೊರಗೆ ತೆಗೆದ ಮರುಕ್ಷಣ ಅತ್ತೆ ಪೊರಕೆ ಹಿಡಿದು ಒಳನುಗ್ಗಿದಳು, ಮೊಮ್ಮಗಳು ಮೇಜಿನ ಹಲಗೆಯನ್ನು ಎಳೆದು ತಂದಳು.

"ಸಂಜೆ ಗಾಡಿ ಎಲ್ಲಿ ನಿಲ್ಲಿಸಲಿ?" ಎಂದ ಅವನು.

"ತಲೆ ಮೇಲೆ ಹೊತ್ಕೋ," ಎಂದಳು ಅತ್ತೆ ಒಳಗಿನಿಂದ.

ಅಳತೆಯಮ್ಮ ಆ ಕಾರಿನಲ್ಲಿ ಕೂತದ್ದು ಅದೇ ಮೊದಲು. ಬಿಸಿಲು ನೆತ್ತಿಯ ಮೇಲೇ ಬೀಳುತ್ತಿತ್ತು. ಪಕ್ಕದಲ್ಲಿ ಹೋಗುವ ಬಸ್ಸಿನಲ್ಲಿ ನಿಂತವರಿಗೆಲ್ಲ ಗಾಜಿನೊಳಗೆ ಇಬ್ಬರ ತಲೆಯೂ ಕಾಣುತ್ತಿತ್ತು. ಒಂದು ಕಡೆಯ ಅಂಟು ಉಬ್ಬಿನಲ್ಲಿ ಚಟ್ಟೆಂದಿತು.

ಆಸ್ಪತ್ರೆಯ ಬಾಗಿಲಲ್ಲೇ ಮೇಟ್ರನ್ ಸಿಕ್ಕಳು. ಓಡಿಬಂದು ಅಳತೆಯಮ್ಮನ ಮೊಣಕೈ ಹಿಡಿದುಕೊಂಡಳು. "ನಿಧಾನ ಅಮ್ಮ, ಮೆಟ್ಟಿಲಿದೆ ಇಲ್ಲಿ."

ಅಳತೆಯಮ್ಮ ಅವಳ ಕೈಯನ್ನು ಮೆಲ್ಲಗೆ ಬಿಡಿಸಿದಳು. "ಮೆಟ್ಟಿಲು ಕಾಣಿಸ್ತಿದೆ ಮೇಡಂ. ನೀವು ಹೋದ ವರ್ಷಕ್ಕಿಂತ ಇಳಿದಿರೋದೂ ಕಾಣಿಸ್ತಿದೆ. ಭುಜದ ಹತ್ತಿರ ಮುಕ್ಕಾಲು ಇಂಚು ಸಡಿಲ ಆಗಿದೆ." ಆಮೇಲೆ ಗಂಡನ ಕಡೆ ತಿರುಗಿದಳು. "ಹೇಳಿ."

"ಅದೇನಾಯ್ತು ಅಂದ್ರೆ ಮೇಡಂ, ಸ್ವಲ್ಪ ತಪ್ಪು ತಿಳುವಳಿಕೆ ಆಗಿ..."

"ತಿಳುವಳಿಕೆ ತಪ್ಪಾಗಿದ್ದಲ್ಲ. ಸರಿಯಾಗಿ ಹೇಳಿ."

ಅವನು ನೆಲ ನೋಡಿಕೊಂಡು ಹೇಳಿದ. "ಇವಳ ಕಣ್ಣು ಚೆನ್ನಾಗಿದೆ. ನಾನೇ ಸುಳ್ಳು ಹೇಳಿದ್ದು. ಶೆಡ್ಡಲ್ಲಿ ನನ್ನ ಕಾರು ನಿಲ್ಲಿಸ್ಕೊಳ್ಳೋಕೆ."

ಮೇಟ್ರನ್ ಅವನನ್ನು ನೋಡಿದಳು, ಹೊರಗೆ ನಿಂತಿದ್ದ ಕಾರನ್ನು ನೋಡಿದಳು. ಅವಳ ಮುಖ ಕೆಂಪಾಯಿತು. ಆದರೆ ಹೇಳಬೇಕಾದ ಮಾತು ಹೇಳಲೇಬೇಕಾಗಿತ್ತು.

"ಹತ್ತು ದಿನದ ಹಿಂದೆ ರೆಡಿಮೇಡ್ ಕಂಪನಿಗೆ ಕೊಟ್ಟುಬಿಟ್ಟೆವಮ್ಮ. ಮೂರು ವರ್ಷಕ್ಕೆ ಸಹಿ ಆಗಿದೆ. ನಾನು ಎರಡು ಸಲ ಫೋನ್ ಮಾಡಿದ್ದೆ, ಗೊತ್ತಾ? ಇನ್ನೊಂದು ತಿಂಗಳು ಕಾಯ್ತೀವಿ ಅಂದೆ. ಇವರೇ ಕಾಯಬೇಡಿ, ವಾಸಿಯಾಗೋ ಕಣ್ಣಲ್ಲ ಅಂದ್ರು."

ಮೂರು ವರ್ಷ. ಅಳತೆಯಮ್ಮನಿಗೆ ಗಂಡನ ಮೇಲೆ ಅಲ್ಲೇ ಕೈ ಎತ್ತಬೇಕು ಅನ್ನಿಸಿತು, ಎತ್ತಲಿಲ್ಲ. ಮೇಟ್ರನ್ನಿಗೆ ತನ್ನ ಫೋನ್ ನಂಬರು ಬರೆದುಕೊಟ್ಟು ಹೊರಗೆ ಬಂದು ಕಾರಿನಲ್ಲಿ ಕೂತಳು. ಅವನು ಸ್ಟೀರಿಂಗ್ ಹಿಡಿದು ಕೂತಿದ್ದ, ಅವನ ಕಣ್ಣಲ್ಲೂ ನೀರಿತ್ತು.

"ಇಷ್ಟು ದೂರ ಹೋಗುತ್ತೆ ಅಂತ ಗೊತ್ತಿರಲಿಲ್ಲ ಕಣೇ. ಸಾಕು, ಮನೆಗೆ ಹೋಗೋಣ. ಮಿಕ್ಕವರಿಗೆ ನಾಳೆ ಹೇಳ್ತೀನಿ."

"ಬೇಕರಿ," ಎಂದಳು ಅವಳು. "ಎಡಕ್ಕೆ ತಿರುಗಿಸಿ."

ಭಾನುವಾರವಾದ್ದರಿಂದ ಬೇಕರಿಯ ಮುಂದೆ ಬ್ರೆಡ್ಡಿಗೆ ಸಾಲು ನಿಂತಿತ್ತು, ಇಪ್ಪತ್ತು ಜನಕ್ಕೆ ಕಮ್ಮಿಯಿಲ್ಲ. ಅರ್ಧಕ್ಕರ್ಧ ಅವರ ಬೀದಿಯವರೇ. ಅವನು ಇಂಜಿನ್ ನಿಲ್ಲಿಸಿದ, ಬಾಗಿಲು ಮಾತ್ರ ತೆಗೆಯಲಿಲ್ಲ.

"ಇಷ್ಟು ಜನರ ಮುಂದೆ ಹೇಗೆ ಹೇಳಲಿ?" ಎಂದ. "ಇವರು ಹೋಗಲಿ ತಾಳು."

ಅಳತೆಯಮ್ಮ ತನ್ನ ಕಡೆಯ ಬಾಗಿಲು ತೆಗೆದು ಇಳಿದಳು, ಸುತ್ತು ಹಾಕಿ ಬಂದು ಅವನ ಕಡೆಯದನ್ನೂ ತೆಗೆದು ಹಿಡಿದಳು.

"ಗಟ್ಟಿಯಾಗಿ ಹೇಳಿ," ಎಂದಳು. "ಕೊನೇಲಿ ನಿಂತಿರೋರಿಗೂ ಕೇಳಿಸಬೇಕು."